ರಾಗಿ ಮಾರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಸರ್ಕಾರದ ಬೆಂಬಲ ಬೆಲೆ ಖರೀದಿ ಕೇಂದ್ರಕ್ಕೆ ರಾಗಿ ಕೊಡುವವರು ಮೊದಲು ಫ್ರೂಟ್ಸ್ ಐಡಿ (ಜಮೀನಿನ ವಿವರ ಸೇರಿಸಿ ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆ) ನೋಡಿಕೊಳ್ಳಿ. ನಿಮ್ಮ ಎಲ್ಲಾ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ? ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ಬಂದಿದೆಯಾ? ಹೊಲದಲ್ಲಿ ರಾಗಿ, ದಾಖಲೆಯಲ್ಲಿ ಜೋಳ ಅಂತಿದ್ದರೆ ನೋಂದಣಿಗೆ ತೊಂದರೆ. ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ಕೇಳಿ. ಕ್ಯೂನಲ್ಲಿ ನಿಂತ ಮೇಲೆ ಗೊತ್ತಾದರೆ ಸುಮ್ನೆ ಓಡಾಟ.

2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಹಿಂದಿನ ವರ್ಷ 4,290 ಇತ್ತು. ಕಣಕ್ಕೇ ಬರುವ ವ್ಯಾಪಾರಿ ಕೈಗೆ ದುಡ್ಡು ಕೊಡುತ್ತಾರೆ, ನಿಜ. ಆದರೆ ಈ ರೇಟು ಕೊಡುವುದು ಅನುಮಾನ, ಅಲ್ವಾ? ಖರೀದಿ ಕೇಂದ್ರದ ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುತ್ತದೆ, ತಡವಾಗಲೂಬಹುದು. ತುರ್ತು ಖರ್ಚು ಇರುವವರು ಅದನ್ನೂ ಲೆಕ್ಕ ಹಾಕಿ.

ತೇವಾಂಶ ಶೇ 12 ದಾಟಬಾರದು. ಚೆನ್ನಾಗಿ ಒಣಗಿಸಿ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ. ಹೊಟ್ಟು, ಮಣ್ಣು ಉಳಿದರೆ ಇನ್ನೊಮ್ಮೆ ತೂರಿ, ಜರಡಿ ಹಿಡಿಯಿರಿ. ನಮ್ಮ ಕಡೆ ರೇಷನ್ ಅಂಗಡಿಗೆ ಬರುವುದೂ ಹೀಗೆ ಕೊಂಡ ರಾಗಿಯೇ. ಕಲ್ಲು ಬಿಟ್ಟರೆ ಯಾರದೋ ಮನೆಯ ಮುದ್ದೆಯಲ್ಲಿ ಸಿಗುತ್ತೆ!

ಜಮೀನಿನ ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದು, ನೋಂದಣಿ ಹೇಗೆ ಅಂತ ಗೊತ್ತಿಲ್ಲದವರು ಇಲ್ಲಿ ತಿಳಿಸಿ. ಒಟ್ಟಿಗೆ ಹೋಗಿ ವಿಚಾರಿಸೋಣ.