ಸ್ಕೋಪ್ ಕೊಳ್ಳುವಾಗ ಜೂಮ್ ಒಂದನ್ನೇ ನೋಡಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಏರ್ ರೈಫಲ್ ಕಲಿಯಲು ಮಕ್ಕಳನ್ನು ಸೇರಿಸುವ ಪೋಷಕರು ಮೊದಲು ಕೇಳುವುದೇ ‘ಎಷ್ಟು ಜೂಮ್‌ನ ಸ್ಕೋಪ್ ತರಲಿ?’ ಎಂದು. ಒಲಿಂಪಿಕ್ ಮಾದರಿಯ 10 ಮೀಟರ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನಿಗೆ, ಅವಕಾಶವೇ ಇಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಸಣ್ಣ ರಂಧ್ರದ ಪೀಪ್ ಸೈಟ್‌ನಲ್ಲೇ. ಆ ದುಡ್ಡು ಉಳಿಸಿ.

ಹವ್ಯಾಸಕ್ಕೆ ಬೇಕೆಂದರೆ 3-9x40 ಧಾರಾಳ ಸಾಕು. 3-9 ಎಂದರೆ 3ರಿಂದ 9 ಪಟ್ಟು ಜೂಮ್; 40 ಎಂದರೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರ್‌ಗಳಲ್ಲಿ. ಅದನ್ನು 9ರಿಂದ ಭಾಗಿಸಿದರೆ ಕಣ್ಣಿಗೆ ಸಿಗುವ ಬೆಳಕಿನ ವೃತ್ತ 4.4 ಮಿ.ಮೀ. ಅದೇ ಮಸೂರಕ್ಕೆ 24 ಪಟ್ಟು ಜೂಮ್ ಕೊಟ್ಟರೆ 1.7ಕ್ಕೆ ಇಳಿಯುತ್ತದೆ, ತಲೆ ಕೊಂಚ ಅಲುಗಿದರೂ ಚಿತ್ರ ಕಪ್ಪಾಗುತ್ತದೆ.

ಬಹುತೇಕರು ಎಡವುವುದು ಪ್ಯಾರಲಾಕ್ಸ್‌ನಲ್ಲಿ, ಅಂದರೆ ಕಣ್ಣು ಅಲುಗಿದಾಗ ಕ್ರಾಸ್‌ಹೇರ್ (ಸ್ಕೋಪ್ ಒಳಗೆ ಕಾಣುವ ಅಡ್ಡ-ಉದ್ದ ಗೆರೆ) ಗುರಿಯ ಮೇಲೆ ಸರಿದಂತೆ ಕಾಣುವುದರಲ್ಲಿ. 100 ಗಜಕ್ಕೆ ಹೊಂದಿಸಿದ ಸ್ಕೋಪ್‌ನಲ್ಲಿ 10 ಮೀಟರ್ ದೂರದ ಗುರಿ ಮಸುಕಾಗಿಯೇ ಕಾಣುವುದು. ರೈಫಲನ್ನು ಸ್ಟ್ಯಾಂಡ್ ಮೇಲಿಟ್ಟು, ಮುಟ್ಟದೆ ತಲೆಯನ್ನಷ್ಟೇ ಆಡಿಸಿ ನೋಡಿ. ಕ್ರಾಸ್‌ಹೇರ್ ಗುರಿಯ ಮೇಲೆ ಓಡಾಡಿದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. 10 ಮೀಟರ್‌ನಷ್ಟು ಹತ್ತಿರಕ್ಕೂ ಹೊಂದಿಸಬಲ್ಲ ಫೋಕಸ್ ರಿಂಗ್ ಇರಲೇಬೇಕು.

ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಸಾಮಾನ್ಯ ಬಂದೂಕಿನ ಸ್ಕೋಪ್ ಇದನ್ನು ತಾಳದೆ ಒಳಗೆ ಸಡಿಲವಾಗಬಹುದು. ಏರ್‌ಗನ್‌ಗೆಂದೇ ಮಾಡಿದ್ದನ್ನು ಕೊಳ್ಳಿ, ಮೌಂಟ್ (ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಹಿಡಿಕೆ) ಜಾರದಂತೆ ಸ್ಟಾಪ್ ಪಿನ್ ಹಾಕಿಸಿ.

ಸ್ಕೋಪ್‌ನ ಗುರಿ ಹೊಂದಿಸುವ ತಿರುಪಿನ ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ಕು 10 ಮೀಟರಿನಲ್ಲಿ ಗುಂಡು ಬೀಳುವ ಜಾಗವನ್ನು ಸರಿಸುವುದು ಸುಮಾರು 0.7 ಮಿ.ಮೀ. ಮಾತ್ರ. ಒಂದು ಸೆಂಟಿಮೀಟರ್ ತಪ್ಪಿದ್ದರೆ 14 ಕ್ಲಿಕ್ ತಿರುಗಿಸಬೇಕು. ಮೂರು ತಿರುಗಿಸಿ ‘ಸ್ಕೋಪ್ ಕೆಟ್ಟಿದೆ’ ಎನ್ನುವವರೇ ಹೆಚ್ಚು.

– ಏರ್ ರೈಫಲ್ ತರಬೇತುದಾರರು, ಬೆಂಗಳೂರು