ಸಾಂಬಾರ ಬೆಳೆಗಾರರ ಗುಂಪಿಗೆ ಕಟ್ಟಡ ಕೊಟ್ಟರೆ ಸಾಲದು, ಕೊಯ್ಲಿನ ದಿನ ಕೊಡಲು ದುಡ್ಡೂ ಬೇಕು

ಮಾನ್ಯ ಸಂಪಾದಕರೇ,

ಸಣ್ಣ ಸಾಂಬಾರ ಬೆಳೆಗಾರರ ಆದಾಯ ಹೆಚ್ಚಬೇಕು ಅನ್ನುವ ಮಾತು ಬಂದಾಗಲೆಲ್ಲ ಸಿಗುವ ಸಲಹೆ ಒಂದೇ. ಗುಂಪು ಕಟ್ಟಿಕೊಳ್ಳಿ, ಸಂಸ್ಕರಣಾ ಘಟಕ ಹಾಕಿ, ಚಂದದ ಪ್ಯಾಕೆಟ್ ಮಾಡಿ ಮಾರಿ. ಗುಂಪು ಬೇಕೇ ಬೇಕು, ಘಟಕವೂ ಬೇಕು. ಆದರೆ ಮಾಲು ತಂದ ದಿನ ರೈತನ ಕೈಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಯಾರೂ ಮೊದಲು ಕೇಳುವುದಿಲ್ಲ. ಗುಂಪುಗಳು ಮುಗ್ಗರಿಸುವುದು ಅಲ್ಲೇ ಅಂತ ನನ್ನ ನಂಬಿಕೆ, ಅದಕ್ಕೇ ಈ ಪತ್ರ.

ಮೊದಲು, ಒಬ್ಬಂಟಿ ರೈತ ಕಳೆದುಕೊಳ್ಳುವುದು ಎಲ್ಲಿ ಅಂತ ನೋಡಿ. ಮೂರು ಕಿಲೋ ಹಸಿ ಕಾಳುಮೆಣಸು ಒಣಗಿದರೆ ಸುಮಾರು ಒಂದು ಕಿಲೋ ಸಿಗುತ್ತದೆ. ಏಲಕ್ಕಿಯಾದರೆ ಐದು ಕಿಲೋ ಹಸಿಗೆ ಹೆಚ್ಚುಕಡಿಮೆ ಒಂದು ಕಿಲೋ. ಒಣಗಿಸುವುದು ಕೆಟ್ಟರೆ ವರ್ಷದ ದುಡಿಮೆಯೇ ಕೆಟ್ಟಂತೆ. ಕಾಳುಮೆಣಸಿನಲ್ಲಿ ತೇವಾಂಶ ಶೇ 12ರ ಒಳಗೆ ಇರಬೇಕು, ಅದಕ್ಕಿಂತ ಜಾಸ್ತಿ ಉಳಿದರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಅಂಗಳದಲ್ಲಿ ಹರವಿದ ಮೆಣಸಿನ ಮೇಲೆ ಮಳೆ ಬೀಳುತ್ತದೆ, ಧೂಳು ಕೂರುತ್ತದೆ, ಕೋಳಿ ಓಡಾಡುತ್ತದೆ. ಏಲಕ್ಕಿಯನ್ನು 45ರಿಂದ 50 ಡಿಗ್ರಿ ಬಿಸಿಯಲ್ಲಿ ನಿಧಾನವಾಗಿ ಒಣಗಿಸಿದರೆ ಹಸಿರು ಬಣ್ಣ ನಿಲ್ಲುತ್ತದೆ. ಹೊಗೆ ತಾಗಿದರೆ, ಬಿಸಿ ಏರುಪೇರಾದರೆ ಬಣ್ಣ ಹೋಯಿತು, ಬಣ್ಣದ ಜೊತೆ ಬೆಲೆಯೂ ಹೋಯಿತು. ಅರ್ಧ ಎಕರೆ ಇರುವವರು ವರ್ಷಕ್ಕೆ ಕೆಲವೇ ವಾರ ಬಳಸುವ ಒಳ್ಳೆಯ ಡ್ರೈಯರ್ ಸ್ವಂತಕ್ಕೆ ಕೊಳ್ಳುವುದು ಆಗದ ಮಾತು. ಹಾಗಾಗಿ ಹಸಿಯಾಗಿಯೋ ಅರೆಬರೆ ಒಣಗಿಸಿಯೋ ಮಾರುತ್ತಾರೆ. ಕೊಳ್ಳುವವನು ಕೈಯಲ್ಲಿ ಹಿಡಿದು ನೋಡಿ, ತೇವ ಇದೆ ಅಂತ ಅಂದಾಜಿನ ಮೇಲೆ ತೂಕ ಕಳೆಯುತ್ತಾನೆ. ರೈತನ ಹತ್ತಿರ ತೇವಾಂಶ ಅಳೆಯುವ ಮೀಟರ್ ಇರುವುದಿಲ್ಲ, ವಾದ ಮಾಡುವುದಾದರೂ ಹೇಗೆ?

ಒಟ್ಟಾಗಿ ಸಂಸ್ಕರಿಸಿದರೆ ಇದರಲ್ಲಿ ಬಹಳಷ್ಟು ಸರಿಹೋಗುತ್ತದೆ. ಕಾಳುಮೆಣಸನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಒಂದೇ ಸಮನೆ ಕಪ್ಪಾಗುತ್ತದೆ, ಸೂಕ್ಷ್ಮಾಣುಗಳೂ ಕಡಿಮೆಯಾಗುತ್ತವೆ. ಜರಡಿ ಹಿಡಿದು, ಜೊಳ್ಳು ತೂರಿ, ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಕಾಳು ಎಷ್ಟು ತೂಗುತ್ತದೆ ಅಂತ, ನೋಡಿ ಬೇರ್ಪಡಿಸಿದರೆ ಲೀಟರಿಗೆ 550 ಗ್ರಾಂ ತೂಗುವ ಗಟ್ಟಿ ಕಾಳಿಗೆ ಅದರದ್ದೇ ಬೆಲೆ ಬರುತ್ತದೆ. ಪ್ರಯೋಗಾಲಯದ ಪರೀಕ್ಷೆಯ ವಿಷಯವೂ ಅಷ್ಟೇ. ಯುರೋಪ್ ಒಕ್ಕೂಟದಲ್ಲಿ ಮೆಣಸಿನಕಾಯಿ, ಕಾಳುಮೆಣಸು, ಶುಂಠಿ, ಅರಿಶಿನ, ಜಾಯಿಕಾಯಿಗಳಲ್ಲಿ ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಹುಟ್ಟುವ ವಿಷ, ಒಂದು ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ ದಾಟುವಂತಿಲ್ಲ. ಚೆನ್ನಾಗಿ ಬೆರೆಸಿದ ಒಂದು ದೊಡ್ಡ ರಾಶಿಗೆ ಒಂದು ಪರೀಕ್ಷೆ ಮಾಡಿಸಿದರೆ ಆ ಖರ್ಚು ನೂರಾರು ಚೀಲಗಳಿಗೆ ಹಂಚಿಹೋಗುತ್ತದೆ. ಎರಡೇ ಚೀಲ ಇರುವವರು ಅಷ್ಟೇ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುತ್ತಾರಾ?

ಇಷ್ಟೆಲ್ಲ ಸರಿ, ಆದರೂ ಮುಗ್ಗರಿಸಿದ ಗುಂಪಿನ ಯಂತ್ರ ಮಾಲಿಲ್ಲದೆ ತುಕ್ಕು ಹಿಡಿಯುವುದು ಯಾಕೆ? ಕೊಯ್ಲಿನ ಸಮಯದಲ್ಲಿ ರೈತನಿಗೆ ಆಳಿನ ಕೂಲಿ ಕೊಡಬೇಕು, ಸಾಲ ಕಟ್ಟಬೇಕು, ಮಕ್ಕಳ ಫೀಸು ಬೇರೆ. ವ್ಯಾಪಾರಿ ಮನೆ ಬಾಗಿಲಿಗೆ ಬಂದು ತೂಗಿ, ಅಲ್ಲೇ ದುಡ್ಡು ಎಣಿಸುತ್ತಾನೆ, ಎಷ್ಟೋ ಸಲ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಗುಂಪು ಏನು ಹೇಳುತ್ತದೆ? ಮಾಲು ಕೊಡಿ, ಒಣಗಿಸುತ್ತೇವೆ, ಮಾರಾಟವಾದ ಮೇಲೆ ದುಡ್ಡು ಬರುತ್ತದೆ, ಸ್ವಲ್ಪ ಕಾಯಿರಿ. ಕಾಯುವ ಶಕ್ತಿ ಇದ್ದಿದ್ದರೆ ಅವರು ಸಣ್ಣ ರೈತರೇ ಆಗಿರುತ್ತಿರಲಿಲ್ಲ. ಆಮೇಲೆ ಸದಸ್ಯರಿಗೆ ನಿಷ್ಠೆ ಇಲ್ಲ, ಹೊರಗೆ ಮಾರಿಕೊಳ್ಳುತ್ತಾರೆ ಅಂತ ಸಭೆಯಲ್ಲಿ ಬೈಯುವುದು ಅನ್ಯಾಯ. ವ್ಯಾಪಾರಿಯನ್ನು ಬೈದೂ ಪ್ರಯೋಜನವಿಲ್ಲ, ಅವನು ಕೊಡುವುದು ಆ ಹೊತ್ತಿಗೆ ಬೇಕಾದ ದುಡ್ಡನ್ನೇ ಅಲ್ವಾ.

ಅದಕ್ಕೇ ನಾನು ಕೇಳುವುದು ಇಷ್ಟು. ಡ್ರೈಯರ್‌ಗೆ, ಕಟ್ಟಡಕ್ಕೆ ನೆರವು ಕೊಡುವ ಸರ್ಕಾರ, ಬ್ಯಾಂಕು, ಸಂಸ್ಥೆಗಳು ಅದರ ಜೊತೆಯಲ್ಲೇ ಒಂದು ಹಂಗಾಮಿಗೆ ಸಾಲುವಷ್ಟು ದುಡಿಯುವ ಬಂಡವಾಳವನ್ನೂ, ಅಂದರೆ ಮಾಲು ಕೊಳ್ಳಲು ಬೇಕಾದ ಕೈದುಡ್ಡನ್ನೂ, ಕಡಿಮೆ ಬಡ್ಡಿಗೆ ಕೊಡಲಿ. ಮಾಲು ಬಂದ ದಿನವೇ ಅಂದಿನ ಬೆಲೆಯ ದೊಡ್ಡ ಪಾಲು ರೈತನ ಕೈ ಸೇರಲಿ, ಉಳಿದದ್ದು ಮಾರಾಟವಾದ ಮೇಲೆ ಬರಲಿ. ಒಣಗಿದ ಮಾಲನ್ನು ಗೋದಾಮಿನಲ್ಲಿಟ್ಟು ಅದರ ರಸೀದಿಯ ಮೇಲೆ ಸಾಲ ಪಡೆಯುವ ವ್ಯವಸ್ಥೆಗೆ ನಮ್ಮ ದೇಶದಲ್ಲಿ 2007ರ ಉಗ್ರಾಣ ಕಾಯ್ದೆಯೇ ಇದೆ. ಹತ್ತು ಬೆಳೆಗಾರರು ಸೇರಿ ಉತ್ಪಾದಕರ ಕಂಪನಿ, ಅಂದರೆ ಬೆಳೆಗಾರರೇ ಒಡೆಯರಾದ ಕಂಪನಿ, ಮಾಡಿಕೊಳ್ಳಲು 2003ರಿಂದಲೇ ಕಾನೂನು ದಾರಿ ಕೊಟ್ಟಿದೆ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಅಂದರೆ ಕಾನೂನಿನ ಕೊರತೆ ಅಷ್ಟಾಗಿ ಇಲ್ಲ, ರಸೀದಿ ಸಾಲವನ್ನೂ ಬೆಳೆಗಾರರ ಕಂಪನಿಯನ್ನೂ ಜೋಡಿಸಿಕೊಡುವವರು ಕಡಿಮೆ.

ಇನ್ನೊಂದು ಮಾತು ಗುಂಪು ನಡೆಸುವವರಿಗೆ. ದರ್ಜೆ ನೋಡದೆ ಎಲ್ಲರ ಮಾಲನ್ನೂ ಒಂದೇ ರಾಶಿಗೆ ಸುರಿದು ಎಲ್ಲರಿಗೂ ಒಂದೇ ಬೆಲೆ ಕೊಡಬೇಡಿ. ಹಣ್ಣಾಗುವವರೆಗೆ ಕಾದು ಕೊಯ್ದವರಿಗೂ ಎಳೆಯದನ್ನು ಕಿತ್ತು ತಂದವರಿಗೂ ಒಂದೇ ದರ ಅಂದರೆ, ಮುಂದಿನ ವರ್ಷ ಮೊದಲು ಬಿಟ್ಟುಹೋಗುವುದು ಒಳ್ಳೆಯ ಬೆಳೆಗಾರರೇ. ತೂಕ, ತೇವಾಂಶ, ದರ್ಜೆ ಎಲ್ಲವನ್ನೂ ರೈತರ ಎದುರಲ್ಲೇ ನೋಡಿ ಚೀಟಿ ಬರೆದುಕೊಡಿ. ಕೊಯ್ಲು ಜೋರಾದ ವಾರದಲ್ಲಿ ಯಾರ ಮಾಲು ಮೊದಲು ಡ್ರೈಯರ್‌ಗೆ ಹೋಗಬೇಕು ಅನ್ನುವುದಕ್ಕೆ ಟೋಕನ್ ಇರಲಿ, ಅಧ್ಯಕ್ಷರ ಚೀಲ ಮೊದಲು ಹೋಗುವ ಪದ್ಧತಿ ಬೇಡ. ಬೇರೆ ಬೇರೆ ಬೆಳೆಗೆ ಒಂದೇ ಯಂತ್ರ ಬಳಸಿದರೆ ಖರ್ಚು ಉಳಿಯುವುದು ನಿಜ, ಆದರೆ ಲವಂಗದ ವಾಸನೆ ಏಲಕ್ಕಿಗೆ ಹತ್ತಿದರೆ ಎರಡೂ ಕೆಟ್ಟ ಹಾಗೆ, ತೊಳೆದು ಒಣಗಿಸಿಯೇ ಮುಂದಿನ ಬೆಳೆ ಹಾಕಬೇಕು. ಇನ್ನು ಆರಿಸುವ, ಹಸನು ಮಾಡುವ ಕೆಲಸ ಹೆಚ್ಚಾಗಿ ಮಾಡುವುದು ಹೆಂಗಸರು, ಜಮೀನು ಮಾತ್ರ ಗಂಡಸರ ಹೆಸರಲ್ಲಿ. ಷೇರು ಹೆಂಗಸರ ಹೆಸರಲ್ಲೂ ಇರಲೇಬೇಕು.

ಪ್ಯಾಕೆಟ್ ಮಾಡುವುದಕ್ಕೆ ಆತುರ ಬೇಡ. ಡಬ್ಬಿ, ಲೇಬಲ್, ಜಾಹೀರಾತು, ಅಂಗಡಿಯವರ ಕಮಿಷನ್, ಮಾರಾಟವಾಗದೆ ವಾಪಸ್ ಬಂದ ಮಾಲು, ಇದೆಲ್ಲ ಸೇರಿದರೆ ಹೊಸ ಗುಂಪಿನ ಕೈಯಲ್ಲಿರುವ ಅಷ್ಟಿಷ್ಟು ದುಡ್ಡೂ ಕರಗುತ್ತದೆ. ಮೊದಲ ಕೆಲವು ವರ್ಷ ಶುಚಿಯಾದ, ದರ್ಜೆ ಮಾಡಿದ ಮಾಲನ್ನು ಟನ್‌ಗಟ್ಟಲೆ ಒಟ್ಟಿಗೆ ಕೊಳ್ಳುವವರಿಗೆ ಮಾರುವುದೇ ವಾಸಿ. ಹೆಸರು ತಾನಾಗಿ ಬರುತ್ತದೆ. ಕಾಂಬೋಡಿಯಾದ ಕಾಂಪೋಟ್ ಕಾಳುಮೆಣಸನ್ನೇ ನೋಡಿ. ಅಲ್ಲಿನ ಬೆಳೆಗಾರರು ಸಂಘ ಕಟ್ಟಿ, ಹೇಗೆ ಬೆಳೆಯಬೇಕು, ಹೇಗೆ ಒಣಗಿಸಬೇಕು, ಹೇಗೆ ವಿಂಗಡಿಸಬೇಕು ಅಂತ ನಿಯಮ ಮಾಡಿಕೊಂಡರು. 2010ರಲ್ಲಿ ಅವರ ದೇಶದಲ್ಲಿ, 2016ರಲ್ಲಿ ಯುರೋಪ್ ಒಕ್ಕೂಟದಲ್ಲಿ ಆ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆ, ಅಂದರೆ ಊರಿನ ಹೆಸರು ಆ ಊರಿನ ಮಾಲಿಗೇ ಮೀಸಲು ಅನ್ನುವ ಕಾನೂನಿನ ರಕ್ಷಣೆ, ಸಿಕ್ಕಿತು. ನಿಯಮ ಪಾಲಿಸದವರು ಆ ಹೆಸರು ಬಳಸುವಂತಿಲ್ಲ.

ಸಂಪಾದಕರೇ, ಹೊಸ ಘಟಕದ ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಬರಲಿ. ಮೂರು ವರ್ಷ ಬಿಟ್ಟು ನಿಮ್ಮ ವರದಿಗಾರರು ಅದೇ ಘಟಕಕ್ಕೆ ಇನ್ನೊಮ್ಮೆ ಹೋಗಿ ಬರಲಿ. ಈ ವರ್ಷ ಎಷ್ಟು ಸದಸ್ಯರು ಮಾಲು ತಂದರು, ತಂದ ದಿನ ಅವರಿಗೆ ಎಷ್ಟು ದುಡ್ಡು ಸಿಕ್ಕಿತು, ಬಾಕಿ ಯಾವಾಗ ಸಿಕ್ಕಿತು ಅಂತ ಕೇಳಿ ಅದನ್ನೂ ದಯವಿಟ್ಟು ಪ್ರಕಟಿಸಿ.

ಇತಿ,
ನಿಮ್ಮ ಓದುಗ