ಕುದಿಸಿದರೆ ಫ್ಲೋರೈಡ್ ಹೋಗದು

ಮಾನ್ಯರೇ,

ಪಾವಗಡ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚು ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೂ ಇವತ್ತಿಗೂ ಎಷ್ಟೋ ಮನೆಗಳಲ್ಲಿ ‘ಚೆನ್ನಾಗಿ ಕುದಿಸಿ ಕುಡಿದರೆ ಏನೂ ಆಗಲ್ಲ’ ಎನ್ನುತ್ತಾರೆ. ಇದು ತಪ್ಪು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫ್ಲೋರೈಡ್ ಹೋಗದು.

ಈ ಫ್ಲೋರೈಡ್ ಬರುವುದು ನೆಲದೊಳಗಿನ ಕಲ್ಲಿನಿಂದ. ನೀರಿಗೆ ಬಣ್ಣ, ವಾಸನೆ ಇರದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದರೆ ಉಜ್ಜಿ ತೆಗೆಯಲಾಗದು. ಆ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ. ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲು ಬಿಗಿದು ಬೆನ್ನೇ ಬಾಗಬಹುದು. ಒಮ್ಮೆ ಬಾಗಿದ್ದು ಮತ್ತೆ ನೇರವಾಗದು.

ನಮ್ಮೂರಿನ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಳಾದವು. ಅದರೊಳಗಿನ ನೀರು ಸೋಸುವ ಪೊರೆ (ಮೆಂಬ್ರೇನ್) ಬದಲಿಸುವವರಿಲ್ಲ. ಸುಮ್ನೆ ಘಟಕ ಕಟ್ಟಿ ಬಿಟ್ಟರೆ ಸಾಕೇ? ಪ್ರತಿ ಬೋರ್‌ವೆಲ್ ನೀರಿನ ಪರೀಕ್ಷೆಯ ಅಂಕಿ ಆ ಊರಿನ ಗೋಡೆಯ ಮೇಲೆ ಬರೆಯಲಿ. ಶಾಲೆಯ ಚಾವಣಿಯ ಮಳೆ ನೀರನ್ನು ಶೇಖರಿಸಿ, ಶುಚಿ ಮಾಡಿ, ಮೊದಲು ಮಕ್ಕಳಿಗೆ ಕೊಡಲಿ.

– ಒಬ್ಬ ತಾಯಿ, ಪಾವಗಡ ತಾಲ್ಲೂಕು